ಕಲಾಂ ಬಾಡಿಗೆ ಕೋಣೆಯಲ್ಲಿದ್ದರೇ?

ತುಮಕೂರಿನ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಮೊನ್ನೆ ಮತ್ತೆ ಅದೇ ಸಂದೇಶ ಬಂತು: ‘ರಾಷ್ಟ್ರಪತಿ ಭವನ ಬಿಟ್ಟ ಮೇಲೆ ಅಬ್ದುಲ್ ಕಲಾಂ ಅವರನ್ನು ಸರ್ಕಾರ ಕೈಬಿಟ್ಟಿತು. ಪಿಂಚಣಿಯಿಲ್ಲದೆ ಬಾಡಿಗೆ ಕೋಣೆಯಲ್ಲಿ ದಿನ ದೂಡಿದರು.’ ಕೆಳಗೆ ಕೈಮುಗಿದವರ ಸಾಲು.

ಇದು ಸುಳ್ಳು. ಮಾಜಿ ರಾಷ್ಟ್ರಪತಿಗಳಿಗೆ 1951ರ ಕಾಯ್ದೆಯೇ ಇದೆ. ಬಾಡಿಗೆಯಿಲ್ಲದ ಮನೆ, ವೈದ್ಯಕೀಯ ಸೌಲಭ್ಯ, ಕಚೇರಿ ಸಿಬ್ಬಂದಿ, ರಾಷ್ಟ್ರಪತಿ ಸಂಬಳದ ಅರ್ಧದಷ್ಟು ಪಿಂಚಣಿ, ಎಲ್ಲವೂ ಅದರಲ್ಲಿದೆ. ಈಗಿನ ಸಂಬಳ ತಿಂಗಳಿಗೆ 5 ಲಕ್ಷ. ಅರ್ಧ ಎಷ್ಟೆಂದು ನೀವೇ ಲೆಕ್ಕ ಹಾಕಿ. 2007ರ ಜುಲೈನಲ್ಲಿ ನಿವೃತ್ತರಾದ ಕಲಾಂ ಅವರಿಗೆ ದೆಹಲಿಯ 10, ರಾಜಾಜಿ ಮಾರ್ಗದ ಸರ್ಕಾರಿ ಬಂಗಲೆ ಸಿಕ್ಕಿತ್ತು. ಮುಂದೆ ಅದೇ ಮನೆಗೆ ಪ್ರಣಬ್ ಮುಖರ್ಜಿ ಬಂದರು, ಅವರ ನಂತರ ನಮ್ಮ ಮಲ್ಲಿಕಾರ್ಜುನ ಖರ್ಗೆ.

ಹಾಗಂತ ಅವರು ಸರಳವಾಗಿ ಬದುಕಿದ್ದು ಸುಳ್ಳಲ್ಲ. ಮದುವೆಯಾಗಲಿಲ್ಲ, ಮಾಂಸ ಮುಟ್ಟಲಿಲ್ಲ, ಪುಸ್ತಕಗಳ ನಡುವೆಯೇ ಇದ್ದರು. ದಿನ ದೂಡುವಷ್ಟು ಬಿಡುವಾದರೂ ಎಲ್ಲಿತ್ತು? ಅಹಮದಾಬಾದ್, ಇಂದೋರ್, ಶಿಲ್ಲಾಂಗ್‌ಗಳ ಐಐಎಂಗಳಲ್ಲಿ ಪಾಠ, ಊರೂರು ಸುತ್ತಿ ಮಕ್ಕಳ ಜೊತೆ ಮಾತು. 2015ರ ಜುಲೈ 27ರ ಸಂಜೆ ಶಿಲ್ಲಾಂಗ್ ಐಐಎಂನಲ್ಲಿ ಉಪನ್ಯಾಸ ಶುರು ಮಾಡಿದ ಕೆಲವೇ ನಿಮಿಷಗಳಲ್ಲಿ ಕುಸಿದುಬಿದ್ದರು.

ನಮ್ಮೂರ ಸಿದ್ಧಗಂಗಾ ಮಠಕ್ಕೂ ಬಂದು, ಶಿವಕುಮಾರ ಸ್ವಾಮೀಜಿಯವರ ವಿದ್ಯಾದಾನವನ್ನು ಮೆಚ್ಚಿ ಹೋದವರು ಅವರು. ನೆನೆಯುವುದಾದರೆ ಇದನ್ನೇ ಫಾರ್ವರ್ಡ್ ಮಾಡಬಹುದಿತ್ತು. ಗುಂಪಿನಲ್ಲಿ ಇಷ್ಟನ್ನೂ ಬರೆದೆ. ಅದಕ್ಕೂ ಕೈಮುಗಿದರು.