ಬಯೋಮೆಡ್‌ನಲ್ಲಿ ಯಾವ ಮೇಜರ್ ಒಳ್ಳೇದು ಅಂತ ಕೇಳೋ ತಮ್ಮ ತಂಗಿಯರಿಗೆ

ಪ್ರತಿ ವರ್ಷ ಸೆಕೆಂಡ್ ಇಯರ್ ಮುಗಿಯೋ ಹೊತ್ತಿಗೆ ಇಲ್ಲಿ ಮೆಲ್ಬರ್ನ್‌ನಲ್ಲಿರೋ ನಮ್ಮ ಕನ್ನಡದ ಮಕ್ಕಳಿಂದ ಒಂದೇ ಪ್ರಶ್ನೆ, ಅಕ್ಕಾ ಯಾವ ಮೇಜರ್ (ಕೊನೇ ವರ್ಷಕ್ಕೆ ಆರಿಸ್ಕೊಳ್ಳೋ ಮುಖ್ಯ ವಿಷಯ) ತಗೊಂಡ್ರೆ ಮೆಡಿಸಿನ್‌ಗೆ ಒಳ್ಳೇದು ಅಂತ. ಬೆಂಗಳೂರಿಂದ ಅವರ ಅಪ್ಪ ಅಮ್ಮನೂ ಅದನ್ನೇ ಕೇಳ್ತಾರೆ, ಗಾಬರಿ ಸ್ವಲ್ಪ ಜಾಸ್ತಿ ಅಷ್ಟೇ. ನಾನೂ ಯೂನಿವರ್ಸಿಟಿ ಆಫ್ ಮೆಲ್ಬರ್ನ್‌ನಲ್ಲೇ ಬಯೋಮೆಡಿಸಿನ್ ಓದಿದ್ದು, ಒಬ್ಬೊಬ್ರಿಗೂ ಇನ್‌ಬಾಕ್ಸ್‌ನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೀತಿದೀನಿ. ಒಪ್ಪದಿದ್ರೆ ಕಾಮೆಂಟಲ್ಲಿ ಜಗಳ ಆಡೋಣ.

ಮೆಡಿಸಿನ್‌ಗೆ ಅಂತ ಯಾವ ಮೇಜರೂ ಇಲ್ಲ ಕಣ್ರೋ. 2008ರಲ್ಲಿ ಈ ಯೂನಿವರ್ಸಿಟಿ ತನ್ನ ಸಿಸ್ಟಮ್ಮನ್ನೇ ಬದಲಾಯಿಸ್ತು, ಮೊದಲು ಮೂರು ವರ್ಷದ ಡಿಗ್ರಿ, ಆಮೇಲೆ ಬೇಕಾದ್ರೆ ನಾಲ್ಕು ವರ್ಷದ ಎಂಡಿ (ಇಲ್ಲಿ ಡಾಕ್ಟರ್ ಆಗೋಕೆ ಮಾಡೋ ಕೋರ್ಸೇ ಅದು, ನಮ್ಮೂರಿನ ಪಿಜಿ ಎಂಡಿ ಅಲ್ಲ), ಆ ಎಂಡಿ ಶುರುವಾಗಿದ್ದು 2011ರಲ್ಲಿ. ಅದಕ್ಕೆ ಅವರು ನೋಡೋದು ಜಿಪಿಎ (ಡಿಗ್ರಿ ಮಾರ್ಕ್ಸಿನ ಸರಾಸರಿ), ಗ್ಯಾಮ್‌ಸ್ಯಾಟ್ ಅನ್ನೋ ಪ್ರವೇಶ ಪರೀಕ್ಷೆಯ ಸ್ಕೋರು, ಇಂಟರ್‌ವ್ಯೂ. ನ್ಯೂರೋಸೈನ್ಸ್ ಮಾಡಿದೋರಿಗೆ ಎರಡು ಮಾರ್ಕ್ ಜಾಸ್ತಿ ಅಂತ ಎಲ್ಲೂ ಇಲ್ಲ. ನಮ್ಮೋರ ತಲೇಲಿ ಇನ್ನೂ ನೀಟ್ ಕೂತಿದೆ, ಒಂದು ಪರೀಕ್ಷೆ, ಒಂದು ರ‍್ಯಾಂಕು, ಮುಗೀತು ಅಂತ. ಇಲ್ಲಿ ಡಿಗ್ರಿಯ ಮಾರ್ಕ್ಸು ಕೊನೇವರೆಗೂ ಬೆನ್ನು ಬಿಡಲ್ಲ, ಮೇಜರ್ ಬರೋದು ಆ ಕೊನೇ ವರ್ಷದಲ್ಲೇ. ಹಂಗಾಗಿ ಯಾವ ಮೇಜರ್ ದೊಡ್ಡದು ಅನ್ನೋದು ಬಿಟ್ಟು, ಯಾವುದನ್ನ ನೀನು ಹೊತ್ಕೊಂಡು ಚೆನ್ನಾಗಿ ಬರೀಬಲ್ಲೆ ಅಂತ ನೋಡು. ನನ್ನ ಪ್ರಕಾರ ಮೇಜರ್ ಪ್ರಶ್ನೆ, ಲೋಡ್ ಪ್ರಶ್ನೆ (ಒಂದು ಸೆಮಿಸ್ಟರ್‌ಗೆ ಎಷ್ಟು ಓದು ಹೊರಬೇಕು ಅನ್ನೋದು) ಎರಡೂ ಒಂದೇ.

ಯಾಕಂದ್ರೆ ಒಂದೊಂದು ಸಬ್ಜೆಕ್ಟ್ ಸುಸ್ತು ಮಾಡೋ ರೀತೀನೇ ಬೇರೆ. ಅನಾಟಮಿ ಅಂದ್ರೆ ಕಣ್ಣಲ್ಲಿ ಓದೋದು, ಜನ ದಾನ ಕೊಟ್ಟ ದೇಹಗಳ ಮುಂದೆ ನಿಂತು ಈ ನರ ಯಾವ ಸ್ನಾಯು ಹಿಂದಿನಿಂದ ಹೋಗುತ್ತೆ ಅಂತ ತಲೇಲಿ ತಿರುಗಿಸಿ ತಿರುಗಿಸಿ ನೋಡ್ಬೇಕು, ಸ್ಲೈಡ್ ಓದ್ಕೊಂಡು ಹೋದ್ರೆ ಆಗಲ್ಲ. ಫಿಸಿಯಾಲಜಿಯಲ್ಲಿ ಬಾಯಿಪಾಠ ಕಡಿಮೆ, ಬಿಪಿ ಇಳಿದ್ರೆ ಕಿಡ್ನಿ ಏನ್ ಮಾಡುತ್ತೆ, ಅದರಿಂದ ಸೋಡಿಯಂ ಏನಾಗುತ್ತೆ ಅಂತ ಒಂದರ ಹಿಂದೆ ಒಂದು ಯೋಚನೆ ಮಾಡ್ಕೊಂಡು ಹೋಗ್ಬೇಕು. ಫಾರ್ಮಕಾಲಜಿ ಅರ್ಧ ಗ್ರಾಫು, ಅರ್ಧ ನಾಲಿಗೆ ತಿರುಗದ ಔಷಧಿ ಹೆಸರು. ಇಮ್ಯುನಾಲಜಿ, ಅಂದ್ರೆ ದೇಹ ರೋಗದ ಜೊತೆ ಹೋರಾಡೋ ರೀತಿ, ಮೊದಲ ನಾಲ್ಕು ವಾರ ಬರೀ ಅಕ್ಷರ ನಂಬರಿನ ಜಾತ್ರೆ, ಸಿಡಿ4, ಸಿಡಿ8, ಐಎಲ್-2, ಆಮೇಲೆ ಸಡನ್ನಾಗಿ ಕಥೆ ತೆರ್ಕೊಳ್ಳುತ್ತೆ ನೋಡಿ, ಅದರ ಮಜಾನೇ ಬೇರೆ. ನಂಗೆ ಇಮ್ಯುನಾಲಜಿ ಕಡೆ ಸ್ವಲ್ಪ ಪಕ್ಷಪಾತ ಇದೆ, ಮುಚ್ಚಿಡಲ್ಲ. ಈ ಊರಲ್ಲಿ ಅದನ್ನ ಓದೋದಕ್ಕೆ ಒಂದು ಅರ್ಥ ಇದೆ: ಇದೇ ವಿಷಯದ ಕೆಲಸಕ್ಕೆ 1996ರಲ್ಲಿ ನೊಬೆಲ್ ಹಂಚಿಕೊಂಡ ಪೀಟರ್ ಡೊಹರ್ಟಿ ಹೆಸರಿನ ಇನ್‌ಸ್ಟಿಟ್ಯೂಟ್ ಕ್ಯಾಂಪಸ್ ಪಕ್ಕದಲ್ಲೇ ಇದೆ, 2020ರ ಜನವರೀಲಿ ಚೀನಾದಿಂದ ಹೊರಗೆ ಮೊದಲು ಕೊರೊನಾ ವೈರಸ್ ಬೆಳೆಸಿದ್ದು ಅಲ್ಲೇ. ಮುಂದೆ ಆನರ್ಸ್ ವರ್ಷ ರಿಸರ್ಚ್ ಮಾಡೋರಿಗೆ ಸೂಪರ್‌ವೈಸರ್‌ಗಳು ನಡೆದು ಹೋಗೋ ದೂರದಲ್ಲೇ ಸಿಗ್ತಾರೆ.

ಈಗ ಲೋಡ್. ಒಂದು ಮಾಮೂಲಿ ಸಬ್ಜೆಕ್ಟ್ 12.5 ಪಾಯಿಂಟ್, ಸೆಮಿಸ್ಟರ್‌ಗೆ ನಾಲ್ಕು. ಒಂದಕ್ಕೆ ಹೆಚ್ಚುಕಡಿಮೆ 170 ಗಂಟೆ ಬೇಕು ಅಂತ ಹ್ಯಾಂಡ್‌ಬುಕ್ಕಲ್ಲೇ ಹಾಕಿರ್ತಾರೆ, ಆದ್ರೆ ಅದನ್ನ ಓದೋರು ಯಾರು? ನಾಲ್ಕಕ್ಕೆ 680 ಗಂಟೆ, ಪಾಠದ 12 ವಾರ, ಬ್ರೇಕು, ಸ್ವಾಟ್‌ವ್ಯಾಕು (ಎಕ್ಸಾಮ್ ಮುಂಚೆ ಓದೋಕೆ ಕೊಡೋ ರಜೆ), ಎಕ್ಸಾಮು ಎಲ್ಲ ಸೇರಿ 16 ವಾರ ಅಂತ ಇಟ್ಕೊಂಡ್ರೂ ವಾರಕ್ಕೆ 42 ಗಂಟೆ ಮೇಲೆ. ಸ್ಟೂಡೆಂಟ್ ವೀಸಾದಲ್ಲಿ ಎರಡು ವಾರಕ್ಕೆ 48 ಗಂಟೆ ಕೆಲಸ ಮಾಡಬಹುದು ಅಂತ ಪೂರ್ತಿ ಮಾಡೋಕೆ ಹೊರಟ್ರೆ ವಾರಕ್ಕೆ ಇನ್ನೊಂದು 24. ಒಟ್ಟು 66 ಆಯ್ತು, ಇನ್ನೂ ಅನ್ನಕ್ಕಿಟ್ಟಿಲ್ಲ, ಬಟ್ಟೆ ಒಗೆದಿಲ್ಲ, ಟ್ರಾಮ್‌ಗೆ ಕಾದಿಲ್ಲ, ಅಮ್ಮಂಗೆ ಫೋನೂ ಮಾಡಿಲ್ಲ.

ಅದಕ್ಕೇ ನಾಲ್ಕರಲ್ಲಿ ನಾಲ್ಕೂ ಗುಡ್ಡೆ ಗುಡ್ಡೆ ಕಂಟೆಂಟ್ ಇರೋ ಸಬ್ಜೆಕ್ಟ್ ಹಾಕ್ಕೋಬೇಡಿ. ಎರಡು ಬಾಯಿಪಾಠದ್ದು, ಒಂದು ಲ್ಯಾಬ್ ರಿಪೋರ್ಟಿಂದು, ಒಂದು ಬ್ರೆಡ್ತ್, ಹಿಂಗೆ ಮಿಕ್ಸ್ ಮಾಡಿ. ಬ್ರೆಡ್ತ್ ಅಂದ್ರೆ ನಿಮ್ಮ ಡಿಗ್ರಿಗೆ ಸಂಬಂಧ ಇಲ್ಲದ ಸಬ್ಜೆಕ್ಟು, ತಗೊಳ್ಳಲೇಬೇಕು. ಬಹಳ ಜನ ಅದನ್ನ ಬೇಗನೇ ಮುಗಿಸಿ ಕೈ ತೊಳ್ಕೊಳ್ತಾರೆ, ನಾನು ಹೇಳೋದು ಕೊನೇ ವರ್ಷಕ್ಕೆ ಒಂದಾದ್ರೂ ಉಳಿಸಿಟ್ಕೊಳ್ಳಿ ಅಂತ. ವ್ಯಾಮ್ (ಒಟ್ಟು ಸರಾಸರಿ ಮಾರ್ಕ್ಸು) ಬೂಸ್ಟರ್ ಅಂತ ಯಾರೋ ಹೇಳಿದ್ರು ಅಂತ ಇಷ್ಟ ಇಲ್ಲದ್ದು ತಗೋಬೇಡಿ, ಎಸ್ಸೇ ಬರೆಯೋಕೆ ಬೇಜಾರಾಗೋರಿಗೆ ಈಸಿ ಅನ್ನಿಸ್ಕೊಂಡ ಹಿಸ್ಟರಿ ಸಬ್ಜೆಕ್ಟೂ ಕಷ್ಟಾನೇ. ಟೈಮ್‌ಟೇಬಲ್ ನೋಡೋ ಮುಂಚೆ ಅಸೆಸ್‌ಮೆಂಟ್ ಡೇಟ್ ನೋಡಿ, ಮೂರು ಮಿಡ್-ಸೆಮ್ ಟೆಸ್ಟ್ ಒಂದೇ ವಾರಕ್ಕೆ ಬಿದ್ರೆ ಎಂಥಾ ಜಾಣನೂ ಮಲಗ್ತಾನೆ.

ಇನ್ನೊಂದು ವಿಷಯ ಅಪ್ಪ ಅಮ್ಮಂದಿರಿಗೆ. ಮೆಡಿಸಿನ್ ಸಿಗದಿದ್ರೆ ಬಯೋಮೆಡ್ ಇದೆಯಲ್ಲ, ಆಸ್ಪತ್ರೆ ಲ್ಯಾಬಲ್ಲಿ ಸೈಂಟಿಸ್ಟ್ ಆಗ್ತಾಳೆ ಅಂತ ನೀವು ಅಂದ್ಕೊಂಡಿರ್ತೀರ. ಅದು ಅಷ್ಟು ನೇರ ಇಲ್ಲ ಸಾರ್. ಲ್ಯಾಬ್ ಸೈಂಟಿಸ್ಟ್ ದಾರಿ ಬೇಕಂದ್ರೆ ಎಐಎಂಎಸ್ ಅನ್ನೋ ಆಸ್ಟ್ರೇಲಿಯಾದ ಮೆಡಿಕಲ್ ಸೈಂಟಿಸ್ಟ್‌ಗಳ ಸಂಸ್ಥೆ (ನಮ್ಮ ಏಮ್ಸ್ ಅಲ್ಲ) ಮಾನ್ಯ ಮಾಡಿದ ಲ್ಯಾಬೊರೇಟರಿ ಮೆಡಿಸಿನ್ ಕೋರ್ಸುಗಳು ಬೇರೇನೇ ಇವೆ, ಪಿಆರ್‌ಗೆ (ಇಲ್ಲೇ ಕಾಯಂ ಆಗಿ ಇರೋ ಅನುಮತಿಗೆ) ಆ ಕೆಲಸದ ಸ್ಕಿಲ್ ಅಸೆಸ್‌ಮೆಂಟ್ ಮಾಡೋದೂ ಅವರೇ. ಫೀಸ್ ಕಟ್ಟೋ ಮುಂಚೆ ಇದನ್ನ ವಿಚಾರಿಸಿ, ಏಜೆಂಟ್ ಹೇಳಲಿ ಅಂತ ಕಾಯಬೇಡಿ.

ಆಮೇಲೆ ಸೆಮಿಸ್ಟರ್ ಶುರುವಾಗಿ ಮೂರನೇ ವಾರಕ್ಕೇ ಉಸಿರು ಕಟ್ತಿದ್ರೆ ಸೆನ್ಸಸ್ ಡೇಟ್ ನೆನಪಿರಲಿ, ಸಾಮಾನ್ಯವಾಗಿ ಫಸ್ಟ್ ಸೆಮ್‌ಗೆ ಮಾರ್ಚ್ 31, ಸೆಕೆಂಡ್ ಸೆಮ್‌ಗೆ ಆಗಸ್ಟ್ 31. ಅಷ್ಟರೊಳಗೆ ಬಿಟ್ರೆ ಆ ಸಬ್ಜೆಕ್ಟಿನ ಫೀಸ್ ತಲೆ ಮೇಲೆ ಬರಲ್ಲ. ಬಿಟ್ಟಿದ್ದನ್ನ ಬೇಸಿಗೆ ರಜೇಲಿ ಸಮ್ಮರ್ ಟರ್ಮಲ್ಲಿ ಮಾಡೋಕಾಗುತ್ತಾ ಅಂತ ಆಗ್ಲೇ ನೋಡ್ಕೊಳ್ಳಿ, ಎಲ್ಲಾ ಸಬ್ಜೆಕ್ಟೂ ಅಲ್ಲಿ ಇರಲ್ಲ. ವೀಸಾದಲ್ಲಿರೋರು ಮಾತ್ರ ಡ್ರಾಪ್ ಬಟನ್ ಒತ್ತೋ ಮುಂಚೆ ಸ್ಟಾಪ್ 1ಗೆ (ಯೂನಿವರ್ಸಿಟಿಯ ಸ್ಟೂಡೆಂಟ್ ಸಹಾಯ ಕೇಂದ್ರ) ಹೋಗಿ ಅಂಡರ್‌ಲೋಡ್, ಅಂದ್ರೆ ನಾಲ್ಕಕ್ಕಿಂತ ಕಡಿಮೆ ಸಬ್ಜೆಕ್ಟ್ ಓದೋದರ ಬಗ್ಗೆ ಕೇಳಿ, ಕೋರ್ಸ್ ನಿಗದಿ ಆದ ಅವಧಿಯೊಳಗೆ ಮುಗೀಬೇಕು ಅನ್ನೋ ಕಂಡೀಷನ್ ನಿಮಗಿದೆ, ಅವರು ಏನೇ ಹೇಳಿದ್ರೂ ಇಮೇಲಲ್ಲಿ ಬರೆಸ್ಕೊಳ್ಳಿ.