ಒಂದೇ ಸಲ ತಾನೆ ಹೋಗೋದು?

ನಮ್ಮ ಮನೆಯಲ್ಲಿ ಪ್ರವಾಸದ ಮಾತು ಎಲ್ಲಿಂದಲೇ ಶುರುವಾದರೂ ಮುಗಿಯುವುದು ಹೊರನಾಡು–ಶೃಂಗೇರಿಯಲ್ಲಿ. ಹಾಗಿರುವಾಗ ಏಪ್ರಿಲ್ ತಿಂಗಳ ಒಂದು ರಾತ್ರಿ, ಕರೆಂಟು ಹೋಗಿ ಫ್ಯಾನು ನಿಂತು ಎಲ್ಲರೂ ಪೇಪರಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದಾಗ, ಇವರು "ಡಿಸೆಂಬರ್ ರಜಕ್ಕೆ ಸ್ವಾಲ್‌ಬಾರ್ಡ್‌ಗೆ ಹೋಗೋಣ" ಅಂದರು. ಅತ್ತೆ ಅದು ಸಕಲೇಶಪುರದ ಕಡೆಯ ಯಾವುದೋ ರೆಸಾರ್ಟ್ ಅಂದುಕೊಂಡು, "ಊಟ ಸೇರಿಸಿ ಎಷ್ಟಂತೆ?" ಎಂದರು.

ಸ್ವಾಲ್‌ಬಾರ್ಡ್ ಇರುವುದು ನಾರ್ವೆಗಿಂತಲೂ ಮೇಲೆ, 78 ಡಿಗ್ರಿ ಉತ್ತರದಲ್ಲಿ. ಅಲ್ಲಿಂದ ಉತ್ತರ ಧ್ರುವಕ್ಕೆ ಇನ್ನು 1,300 ಕಿಲೋಮೀಟರು ಅಷ್ಟೆ. ಮುಖ್ಯ ಊರು ಲಾಂಗ್‌ಇಯರ್‌ಬ್ಯೂನ್. ಜನಸಂಖ್ಯೆ ಸುಮಾರು ಎರಡೂವರೆ ಸಾವಿರ, ಅಂದರೆ ನಮ್ಮ ಕಡೆಯ ಒಂದು ಮದುವೆ ಊಟಕ್ಕೆ ಸೇರುವಷ್ಟು. 1906ರಲ್ಲಿ ಅಲ್ಲಿ ಕಲ್ಲಿದ್ದಲು ಗಣಿ ತೆರೆದ ಅಮೆರಿಕದ ಲಾಂಗ್‌ಇಯರ್ ಎಂಬಾತನ ಹೆಸರೇ ಊರಿಗೆ ಬಂದಿದೆ. ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಏಳುವುದು ಫೆಬ್ರವರಿ ನಡುವಿನಲ್ಲಿ ಎಂದು ಇವರು ವಿವರಿಸಿದಾಗ ಮಾವ, "ಹಾಗಾದ್ರೆ ವರ್ಷ ಉದ್ದ ಅನ್ನಿಸೋದು ಸಹಜವೇ, ಸರಿಯಾದ ಹೆಸರಿಟ್ಟಿದಾರೆ" ಅಂದರು. ಆಮೇಲೆ ಅರ್ಧ ಗಂಟೆ ಸುಮ್ಮನೆ ಕೂತಿದ್ದವರು ತಟ್ಟನೆ ಕೇಳಿದರು: "ಸೂರ್ಯನೇ ಹುಟ್ಟದಿದ್ರೆ ಸಂಧ್ಯಾವಂದನೆ ಯಾವಾಗ?"

"ಅಪ್ಪಾ, ನಾನು ಇಲ್ಲೂ ಮಾಡಲ್ವಲ್ಲ."

"ನಿನ್ನ ವಿಷಯ ಬಿಡು. ಮಾಡೋನೊಬ್ಬ ಅಲ್ಲಿಗೆ ಹೋದ ಅಂತಿಟ್ಕೋ. ಹೊತ್ತು ಮೀರಿದ್ರೆ ಪ್ರಾಯಶ್ಚಿತ್ತಾರ್ಘ್ಯ ಅಂತ ಒಂದು ಹೆಚ್ಚಿಗೆ ಕೊಡಬೇಕು. ನಾಲ್ಕು ತಿಂಗಳು ಮೀರಿದ್ರೆ ಎಷ್ಟು ಕೊಡೋದು?"

ಈ ಪ್ರಶ್ನೆ ನಮ್ಮ ಮನೆಯಲ್ಲಿ ಮೂರು ವಾರ ಓಡಾಡಿತು. ಬೆಟ್ಟ ಅಡ್ಡ ಇರುವುದರಿಂದ ಊರೊಳಕ್ಕೆ ಬಿಸಿಲು ಬೀಳುವುದು ಮಾರ್ಚ್ 8ರ ಹೊತ್ತಿಗೆ, ಅವತ್ತು ಊರವರೆಲ್ಲ ಹಳೆಯ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಸೇರಿ ಸೂರ್ಯನನ್ನು ಕೂಗಿ ಕರೆಯುತ್ತಾರೆ ಎಂದು ಮಗ ಎಲ್ಲೋ ಓದಿ ಹೇಳಿದ ಮೇಲೆ ಮಾವನಿಗೆ ಸಮಾಧಾನವಾಯಿತು. ಅತ್ತೆಗೆ ಸಮಾಧಾನ ಕೊಟ್ಟಿದ್ದು ಬೇರೆ ಸಂಗತಿ. ಹಿಂದೆ ಗಣಿ ಕೆಲಸದವರು ಕಾಲಿಗಂಟಿದ ಮಸಿ ಒಳಗೆ ಬರಬಾರದೆಂದು ಬಾಗಿಲಲ್ಲೇ ಬೂಟು ಬಿಡುತ್ತಿದ್ದರಂತೆ. ಇವತ್ತಿಗೂ ಅಲ್ಲಿನ ಹೋಟೆಲು, ಮ್ಯೂಸಿಯಮ್ಮುಗಳಲ್ಲಿ ಚಪ್ಪಲಿ ಹೊರಗೇ. "ಮಡಿವಂತರು" ಎಂದು ಅತ್ತೆ ಸರ್ಟಿಫಿಕೇಟು ಕೊಟ್ಟರು. ಊರ ಗಡಿ ದಾಟಿದರೆ ಹಿಮಕರಡಿ ಕಾಟ, ಬಂದೂಕು ಇರುವ ಗೈಡಿಲ್ಲದೆ ಹೋಗಬಾರದು, ಆದರೆ ಊರಲ್ಲಿ ಬೆಕ್ಕು ಸಾಕುವುದಕ್ಕೆ ಮಾತ್ರ ನಿಷೇಧ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ. ಎಷ್ಟು ಬೇಕೋ ಅಷ್ಟು.

ಜೂನ್‌ನಿಂದ ಪಾರ್ಸೆಲ್ಲುಗಳು ಬರತೊಡಗಿದವು. ಉಣ್ಣೆಯ ಒಳಬನಿಯನ್ನು, ಅದರ ಮೇಲೊಂದು, ಅದರ ಮೇಲೆ ಇನ್ನೊಂದು. ಈರುಳ್ಳಿಯ ಹಾಗೆ ಪದರಪದರವಾಗಿ ಹಾಕಿಕೊಳ್ಳಬೇಕಂತೆ. ಇವರಿಗೆ ಗ್ಲೌಸಿನ ಮೇಲೆ ಸಂಶಯ ಹುಟ್ಟಿತು. ನಮ್ಮ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ, ಅಲ್ಲಿನ ಚಳಿಗಾಲವೂ ಹೆಚ್ಚುಕಮ್ಮಿ ಅಷ್ಟೇ. ಒಂದು ಭಾನುವಾರ ಬೆಳಿಗ್ಗೆ ಗ್ಲೌಸು ತೊಟ್ಟ ಬಲಗೈಯನ್ನು ಫ್ರೀಜರಿನೊಳಗಿಟ್ಟು, ಬಾಗಿಲನ್ನು ಭುಜಕ್ಕೆ ಒತ್ತಿಕೊಂಡು, ಎಡಗೈಯಲ್ಲಿ ಮೊಬೈಲು ಹಿಡಿದು ಹತ್ತು ನಿಮಿಷದ ಟೈಮರ್ ಹಾಕಿ ನಿಂತರು. ಏಳನೇ ನಿಮಿಷಕ್ಕೆ ಅತ್ತೆ ತೆಂಗಿನತುರಿ ಬೇಕೆಂದು ಬಂದು ಬಾಗಿಲು ಎಳೆದರು. ಕಳೆದ ಸೀಸನ್ನಿನಲ್ಲಿ ಸುಲಿದಿಟ್ಟಿದ್ದ ಹಿತಕಿದ ಅವರೆಬೇಳೆ ಕಲ್ಲಿನ ಗುಂಡಾಗಿ ಇವರ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಉಗುರು ನೀಲಿಯಾಯಿತು. "ಕೈ ಮಾತ್ರ ಬೆಚ್ಚಗಿತ್ತು ಕಣೇ" ಎಂದು ಸಂಜೆಯವರೆಗೂ ಕುಂಟುತ್ತ ಹೇಳಿದರು.

ಇವರು ಸ್ವಾಲ್‌ಬಾರ್ಡನ್ನೇ ಹಿಡಿದು ಕೂತಿದ್ದಕ್ಕೆ ಅಸಲಿ ಕಾರಣ ಬೇರೆ: ಅಲ್ಲಿಗೆ ವೀಸಾ ಬೇಡ. 1920ರ ಒಪ್ಪಂದವೊಂದರ ಪ್ರಕಾರ ಅದು ನಾರ್ವೆಯದೇ ಆದರೂ ಒಪ್ಪಂದಕ್ಕೆ ಸೇರಿದ ಯಾವ ದೇಶದವರಾದರೂ ಹೋಗಿ ಇರಬಹುದು. ಆಗಿನ ಬ್ರಿಟಿಷ್ ಇಂಡಿಯಾದ ಹೆಸರೂ ಅದರಲ್ಲಿದೆ. "ನಮ್ಮ ಮುತ್ತಾತನ ಕಾಲದಲ್ಲೇ ಪರ್ಮಿಷನ್ ಆಗಿದೆ!" ಎಂದು ಬಂದವರಿಗೆಲ್ಲ ಕಾಫಿ ಜೊತೆ ಹೇಳುತ್ತಿದ್ದರು. ಆದರೆ ಅಲ್ಲಿಗೆ ವಿಮಾನ ಹೋಗುವುದು ಓಸ್ಲೋ, ಟ್ರೊಮ್ಸೊ ಕಡೆಯಿಂದ. ನಾರ್ವೆಯ ನೆಲ ಮುಟ್ಟಲು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ, ಬೇಕೇ ಬೇಕು. ಸರಿ, ಅರ್ಜಿ ತುಂಬಿದರು. ಅದರಲ್ಲೊಂದು ಪ್ರಶ್ನೆ: ಎಷ್ಟು ಸಲ ಪ್ರವೇಶ? ಒಂದೋ, ಎರಡೋ, ಹಲವೋ? ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದೆ. "ಒಂದೇ ಸಲ ತಾನೆ ಹೋಗೋದು?" ಎಂದು ಕೇಳಿದರು. "ಮತ್ತೇನು, ದಿನಾ ಹೋಗ್ತೀವಾ?" ಎಂದೆ. ಆದ್ದರಿಂದ ತಪ್ಪಿನಲ್ಲಿ ಅರ್ಧ ನನ್ನದೂ ಹೌದು.

ಪಾಸ್‌ಪೋರ್ಟುಗಳು ಬಂದವು. ಪ್ರವೇಶದ ಜಾಗದಲ್ಲಿ ಮೂವರಿಗೂ 01. ಸಿಹಿ ಮಾಡಿದೆ. ಹೊರಡಲು ಹನ್ನೆರಡು ದಿನವಿದೆ ಅನ್ನುವಾಗ, ಈಗಾಗಲೇ ಹೋಗಿಬಂದಿದ್ದ ಇವರ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ "ಡಬಲ್ ಎಂಟ್ರಿ ತಗೊಂಡಿದೀರಿ ತಾನೆ?" ಅಂದರು. ಸ್ವಾಲ್‌ಬಾರ್ಡ್ ನಾರ್ವೆಯದು ನಿಜ, ಆದರೆ ಷೆಂಗೆನ್‌ನ ಹೊರಗೆ. ಟ್ರೊಮ್ಸೊದಲ್ಲಿ ಪಾಸ್‌ಪೋರ್ಟ್ ತಪಾಸಣೆ ಮುಗಿಸಿಕೊಂಡು ಅತ್ತ ಹೋದೆವೋ, ನಮ್ಮ ಒಂದು ಪ್ರವೇಶ ಮುಗಿಯಿತು. ಹೋಗಬಹುದು, ವಾಪಸು ಬರುವಂತಿಲ್ಲ.

"ಅಲ್ಲೇ ಇದ್ರೆ?" ಎಂದ ಮಗ. ಇರಬಹುದು. ಅದೇ ಒಪ್ಪಂದದ ಕೃಪೆಯಿಂದ, ಸ್ವಂತ ದುಡ್ಡಲ್ಲಿ ಹೊಟ್ಟೆ ಹೊರೆದುಕೊಳ್ಳುವ ತಾಕತ್ತಿದ್ದರೆ ವೀಸಾ ಇಲ್ಲದೆಯೇ ವರ್ಷಗಟ್ಟಲೆ ಇರಬಹುದು. ಮಗ ಆಗಲೇ ಸ್ಕೂಲಿಗೆ ಲೀವ್ ಲೆಟರ್ ಬರೆಯಲು ಕೂತ. ಮಾವ ಪ್ರಾಯಶ್ಚಿತ್ತಾರ್ಘ್ಯದ ಲೆಕ್ಕ ಮತ್ತೆ ತೆಗೆದರು.

ಹೊಸ ಅರ್ಜಿಗೆ ಹೊತ್ತಿರಲಿಲ್ಲ. ಹೋಟೆಲಿನವರು ಕಟ್ಟಿದ ದುಡ್ಡು ಹಿಂದಿರುಗಿಸುವುದಿಲ್ಲ ಎಂದು ಬಹಳ ವಿನಯದಿಂದ ಬರೆದರು. ಆಮೇಲಿನ ಒಂದು ವಾರ ಇವರು ನನ್ನ ಜೊತೆ ಮಾತಾಡಿದ್ದು ಕಡಿಮೆ, ಫ್ರೀಜರಿನ ಬಾಗಿಲು ತೆಗೆದು ಸುಮ್ಮನೆ ನೋಡಿದ್ದು ಹೆಚ್ಚು.

ವೈಕುಂಠ ಏಕಾದಶಿ ಬಂತು. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ದೇವಸ್ಥಾನದ ಕ್ಯೂಗೆ ಹೊರಟ ಅತ್ತೆ, ಸೀರೆಯ ಒಳಗೆ ನನ್ನ ಉಣ್ಣೆ ಬನಿಯನ್ನು, ಕಾಲಿಗೆ ಮೊಳಕಾಲುದ್ದದ ಸಾಕ್ಸು ಹಾಕಿಕೊಂಡರು. ಮೂರು ಗಂಟೆ ಕ್ಯೂನಲ್ಲಿ ಎಲ್ಲರೂ ಗಡಗಡ ನಡುಗುತ್ತಿದ್ದರೆ ಇವರೊಬ್ಬರೇ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರಂತೆ. ಪಕ್ಕದ ಬೀದಿಯವರೊಬ್ಬರು ಸಾಕ್ಸು ನೋಡಿ, ಎಲ್ಲಿ ತಗೊಂಡ್ರಿ ಎಂದು ಕೇಳಿದ್ದಾರೆ.

"ನಮ್ಮ ಮಗ ಸ್ವಾಲ್‌ಬಾರ್ಡ್‌ಗೆ ಹೋಗೋಣ ಅಂತ ತರಿಸಿದ್ದು. ಊಟ ಸೇರಿಸಿ ದುಬಾರಿ ಆಯ್ತಂತೆ, ಬಿಟ್ವಿ" ಅಂದರಂತೆ ಅತ್ತೆ.