ಚೆಂದವಾಗಿ ಸೋತಿದ್ದು ಸಾಕಾಗಿತ್ತು

ಮೊನ್ನೆ, 2025ರ ಆಗಸ್ಟ್ 13ರ ರಾತ್ರಿ, ಇಟಲಿಯ ಉದಿನೆಯಲ್ಲಿ ಸೂಪರ್ ಕಪ್ ಫುಟ್‌ಬಾಲ್ ಪಂದ್ಯ. ಲಂಡನ್ನಿನ ನಮ್ಮ ಟೋಟನ್‌ಹ್ಯಾಮ್ ಕ್ಲಬ್ ಯುರೋಪಿನ ಚಾಂಪಿಯನ್, ಪ್ಯಾರಿಸ್ಸಿನ ಪಿಎಸ್‌ಜಿ ಎದುರು 85ನೇ ನಿಮಿಷದವರೆಗೆ 2-0 ಮುಂದಿತ್ತು. ಆಮೇಲೆ ಎರಡು ಗೋಲು ಬಿಟ್ಟುಕೊಟ್ಟು ಪೆನಾಲ್ಟಿಯಲ್ಲಿ ಸೋತರು. ಬೆಳಿಗ್ಗೆ ಆಫೀಸಿನ ಗೆಳೆಯನ ಮೆಸೇಜ್: "ನಿನ್ನೆ ನಿಮ್ಮವರು ಎಷ್ಟು ಚೆನ್ನಾಗಿ ಆಡಿದ್ರು, ಸೋತ್ರು. ಮೇ ತಿಂಗಳಲ್ಲಿ ಆಡಲೇ ಇಲ್ಲ, ಕಪ್ ಗೆದ್ರು. ಯಾವುದು ಸರಿ ಹೇಳು?"

ಅವನು ಸುಮ್ನೆ ಕೇಳಿದ್ದು. ನಾನು ಎರಡು ದಿನದಿಂದ ಅದನ್ನೇ ಯೋಚಿಸುತ್ತಾ ಇದ್ದೀನಿ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. 2025ರ ಮೇ 21ರಂದು ಸ್ಪೇನಿನ ಬಿಲ್ಬಾವೊದಲ್ಲಿ ಯುರೋಪಿನ ಕ್ಲಬ್ಬುಗಳ ಟೂರ್ನಿ ಯುರೋಪಾ ಲೀಗಿನ ಫೈನಲ್ ನಡೆಯಿತು. ಟೋಟನ್‌ಹ್ಯಾಮ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್. ಇಂಗ್ಲೆಂಡಿನ ಲೀಗ್ ಪಟ್ಟಿಯಲ್ಲಿ ಆ ದಿನ ಯುನೈಟೆಡ್ 16ನೇ ಸ್ಥಾನ, ನಾವು 17. ನಮ್ಮ ಕೆಳಗೆ ಇದ್ದವರು ಮೂರೇ ತಂಡ, ಆ ಮೂರೂ ಲೀಗಿನಿಂದ ಹೊರಗೆ ಬಿದ್ದವು. ಲೀಗ್ ಮುಗಿದಾಗ 38 ಪಂದ್ಯಗಳಲ್ಲಿ 22 ಸೋಲು. ಅಂಥ ತಂಡ ಆ ರಾತ್ರಿ 1-0 ಗೆದ್ದು ಕಪ್ ಎತ್ತಿತು. 2008ರ ಲೀಗ್ ಕಪ್ ಆದಮೇಲೆ 17 ವರ್ಷಕ್ಕೆ ಮೊದಲ ಕಪ್. ಯುರೋಪಿನಲ್ಲಂತೂ 1984ರ ನಂತರ ಮೊದಲನೆಯದು.

ನಾನು ಈ ತಂಡಕ್ಕೆ ಬಿದ್ದದ್ದು 2010ರ ಅಕ್ಟೋಬರಿನಲ್ಲಿ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲಿನ ಟಿವಿ ರೂಮಿನಲ್ಲಿ ಮಧ್ಯರಾತ್ರಿ ಐದಾರು ಜನ ಕೂತಿದ್ದೆವು. ಮಿಲಾನಿನಲ್ಲಿ ಇಂಟರ್ ಎದುರು ಟೋಟನ್‌ಹ್ಯಾಮ್ ಆಡುತ್ತಿತ್ತು. ಇಂಟರ್ ಆಗ ಯುರೋಪಿನ ಚಾಂಪಿಯನ್. ಶುರುವಾಗಿ ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಟೋಟನ್‌ಹ್ಯಾಮ್ ಗೋಲ್‌ಕೀಪರಿಗೆ ರೆಡ್ ಕಾರ್ಡ್. ಅರ್ಧ ಆಟ ಮುಗಿಯುವ ಮೊದಲೇ 4-0. ಜೊತೆಗಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ಮಾತ್ರ ಕೂತಿದ್ದೆ, ಯಾಕೆ ಅಂತ ಈಗಲೂ ಗೊತ್ತಿಲ್ಲ. ಆಮೇಲೆ ಗ್ಯಾರೆತ್ ಬೇಲ್ ಅನ್ನೋ ಹುಡುಗ ಎಡಗಡೆಯಿಂದ ಓಡಲು ಶುರು ಮಾಡಿದ. ಮೂರು ಗೋಲು ಹೊಡೆದ. ಮೂರೂ ಎಡಗಾಲಿನಲ್ಲಿ. 4-3ಕ್ಕೆ ಸೋತರು. ಆದರೆ ನನಗೆ ಅದು ಸೋಲು ಅಂತ ಅನ್ನಿಸಲೇ ಇಲ್ಲ. ಹತ್ತು ಜನ ಇಟ್ಟುಕೊಂಡು ಹೀಗೆ ಆಡ್ತಾರಾ ಅಂತ ಬೆರಗಾಗಿ ರೂಮಿಗೆ ಹೋದವನು ನಿದ್ದೆ ಮಾಡಲಿಲ್ಲ.

ಅಂದರೆ ನನ್ನ ಪ್ರೀತಿ ಶುರುವಾದದ್ದೇ ಒಂದು ಚೆಂದದ ಸೋಲಿನಿಂದ. ಆಮೇಲಿನ ಹದಿನೈದು ವರ್ಷ ಅದೇ ಕತೆ. 2019ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಲೂಕಸ್ ಮೌರ ಕೊನೆಯ ಗಳಿಗೆಯಲ್ಲಿ ಮೂರನೇ ಗೋಲು ಹೊಡೆದು ನಮ್ಮನ್ನು ಚಾಂಪಿಯನ್ಸ್ ಲೀಗ್ ಫೈನಲಿಗೆ ಕರೆದುಕೊಂಡು ಹೋದ. ಫೈನಲ್ ಶುರುವಾಗಿ ಅರ್ಧ ನಿಮಿಷ ಆಗುವುದರೊಳಗೆ ಚೆಂಡು ನಮ್ಮ ಆಟಗಾರನ ಕೈಗೆ ತಾಗಿತು, ಪೆನಾಲ್ಟಿ. ಆಮೇಲೆ ಆಟದುದ್ದಕ್ಕೂ ಚೆಂಡು ಜಾಸ್ತಿ ಹೊತ್ತು ನಮ್ಮ ಹತ್ತಿರವೇ ಇತ್ತು. 2-0ಗೆ ಸೋತೆವು. 2021ರಲ್ಲಿ ಲೀಗ್ ಕಪ್ ಫೈನಲ್ ಸೋತು ನಮ್ಮ ಕೊರಿಯಾದ ಆಟಗಾರ ಸನ್ ಹ್ಯೂಂಗ್-ಮಿನ್ ಮೈದಾನದಲ್ಲಿ ಅತ್ತ. ಎರಡು ವರ್ಷದ ಬಳಿಕ ನಮ್ಮ ಹ್ಯಾರಿ ಕೇನ್ ಒಂದೂ ಕಪ್ ಇಲ್ಲದೆ ಜರ್ಮನಿಗೆ ಹೋದ. 280 ಗೋಲು ಹೊಡೆದವನು! ಪ್ರತಿ ಸಲ ಗೆಳೆಯರಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ನಮ್ಮವರ ಆಟ ನೋಡ್ರೋ, ಕಪ್ ಯಾಕೆ ಬೇಕು?"

ಈ ಮಾತು ನಾನು ಹುಟ್ಟಿಸಿದ್ದಲ್ಲ. ಆ ಕ್ಲಬ್ಬಿನಲ್ಲೇ ಇದೆ. ಡ್ಯಾನಿ ಬ್ಲಾಂಚ್‌ಫ್ಲವರ್ ಅಂತ ಹಿಂದೆ ಒಬ್ಬ ಕ್ಯಾಪ್ಟನ್ ಇದ್ದರು. 1961ರಲ್ಲಿ ಲೀಗು, ಎಫ್ಎ ಕಪ್ಪು ಎರಡನ್ನೂ ಗೆಲ್ಲಿಸಿದವರು. 1963ರಲ್ಲಿ ಯುರೋಪ್ ಮಟ್ಟದ ಕಪ್ ಗೆದ್ದ ಮೊದಲ ಬ್ರಿಟಿಷ್ ತಂಡದ ಕ್ಯಾಪ್ಟನ್ ಕೂಡ ಅವರೇ. ಆಟ ಅನ್ನೋದು ಮೆರೆಯೋದಕ್ಕೆ, ಸೊಗಸಾಗಿ ಆಡಿ ಎದುರಾಳಿಯನ್ನು ಬಗ್ಗಿಸಬೇಕು, ಅವರೇ ಬೇಜಾರಾಗಿ ಸಾಯಲಿ ಅಂತ ಕಾದು ಕೂರಬಾರದು ಅಂತ ಅವರು ಹೇಳಿದ್ದು ಟೋಟನ್‌ಹ್ಯಾಮ್ ಅಭಿಮಾನಿಗಳಿಗೆಲ್ಲ ಬಾಯಿಪಾಠ. ನನಗೂ.

ಈಗ ಬಿಲ್ಬಾವೊ ರಾತ್ರಿಗೆ ಬರ್ತೀನಿ.

ನಮ್ಮಲ್ಲಿ ಆಗ ರಾತ್ರಿ ಹನ್ನೆರಡೂವರೆ. ಮಗಳು ಮಲಗಿದ್ದಳು, ಟಿವಿ ಹಾಕುವ ಹಾಗಿಲ್ಲ. ಅಡುಗೆಮನೆಯ ಕಟ್ಟೆ ಮೇಲೆ ನೀರಿನ ಚೊಂಬಿಗೆ ಫೋನ್ ಒರಗಿಸಿ, ಸೌಂಡ್ ಪೂರ್ತಿ ಕಡಿಮೆ ಮಾಡಿ, ನಿಂತುಕೊಂಡೇ ನೋಡಿದೆ. ಆಟ ಚೆನ್ನಾಗಿರಲಿಲ್ಲ. ಇದನ್ನು ನಾನು ಮುಚ್ಚಿಡಲ್ಲ. ಎರಡೂ ತಂಡಕ್ಕೆ ಭಯ ಇತ್ತು. ಪಾಸ್ ಕೊಟ್ಟರೆ ಇನ್ನೊಬ್ಬರ ಕಾಲಿಗೆ. 42ನೇ ನಿಮಿಷ ನಮ್ಮ ಪಾಪೆ ಸಾರ್ ಎಡಗಡೆಯಿಂದ ಕ್ರಾಸ್ ಹಾಕಿದ. ಚೆಂಡು ಯುನೈಟೆಡಿನ ಲ್ಯೂಕ್ ಶಾಗೆ ಬಡಿದು, ನಮ್ಮ ಬ್ರೆನನ್ ಜಾನ್ಸನ್ ಕಾಲಿಗೆ ಒಂಚೂರು ಸೋಕಿದ ಹಾಗೆ ಆಗಿ, ಮೆಲ್ಲಗೆ ಗೆರೆ ದಾಟಿತು. 17 ವರ್ಷ ಕಾದ ಗೋಲು ಅದು. ಬೇಲ್ ಹೊಡೆದಂಥ ಗೋಲಲ್ಲ. ಉರುಳಿಕೊಂಡು ಹೋದದ್ದು.

ಆಮೇಲೆ ನಾವು ಆಡೋದನ್ನೇ ನಿಲ್ಲಿಸಿದೆವು. ಇಡೀ ಪಂದ್ಯದಲ್ಲಿ ನಾವು ಗೋಲಿನತ್ತ ಹೊಡೆದದ್ದು ಮೂರು ಸಲ, ಅವರು 16 ಸಲ. ಚೆಂಡು ನೂರಕ್ಕೆ 27-28ರಷ್ಟು ಹೊತ್ತು ಮಾತ್ರ ನಮ್ಮ ಹತ್ತಿರ ಇತ್ತು. ದ್ವಿತೀಯಾರ್ಧ ಪೂರ್ತಿ ನಮ್ಮ ಗೋಲಿನ ಮುಂದೆ ಜನ ತುಂಬಿಕೊಂಡು ನಿಂತರು. ಬಂದ ಚೆಂಡನ್ನು ಹೊರಗೆ ಹೊಡಿ, ಮತ್ತೆ ಬರುತ್ತೆ, ಮತ್ತೆ ಹೊಡಿ. ಬ್ಲಾಂಚ್‌ಫ್ಲವರ್ ಬೇಡ ಅಂದದ್ದನ್ನೇ ಮಾಡಿದರು.

ಮಾಡಿಸಿದ್ದು ಯಾರು ಅಂತ ನೋಡಿದರೆ ಇನ್ನೂ ಆಶ್ಚರ್ಯ. ಕೋಚ್ ಆಂಜ್ ಪೊಸ್ಟೆಕೊಗ್ಲು. 2023ರ ನವೆಂಬರಿನಲ್ಲಿ ಚೆಲ್ಸಿ ಎದುರು ನಮ್ಮ ಇಬ್ಬರಿಗೆ ರೆಡ್ ಕಾರ್ಡ್ ಆಗಿ ಒಂಬತ್ತೇ ಜನ ಉಳಿದಿದ್ದರು. ಆಗಲೂ ಈ ಮನುಷ್ಯ ಡಿಫೆನ್ಸನ್ನು ಮೈದಾನದ ಮಧ್ಯದ ಗೆರೆಯಲ್ಲೇ ನಿಲ್ಲಿಸಿದ್ದರು. 4-1ಕ್ಕೆ ಸೋತೆವು. ನಾವು ಇರೋದೇ ಹೀಗೆ, ಹೀಗೇ ಆಡ್ತೀವಿ ಅಂತ ಹೇಳಿದರು. ಅವತ್ತು ನಾನು ಅವರ ಅಭಿಮಾನಿಯಾದೆ. ಅಂಥವರು ಫೈನಲಿನಲ್ಲಿ ಗೋಲು ಹೊಡೆದ ಜಾನ್ಸನ್‌ನನ್ನು ಹೊರಗೆ ಕರೆದು ಇನ್ನೊಬ್ಬ ಡಿಫೆಂಡರ್ ಡ್ಯಾನ್ಸೊನನ್ನು ಒಳಗೆ ಕಳಿಸಿದರು. ವರ್ಷಗಟ್ಟಲೆ ನಂಬಿಕೊಂಡು ಬಂದದ್ದನ್ನು ಒಂದು ರಾತ್ರಿಗೆ ಪಕ್ಕಕ್ಕಿಡಲು ಅವರಿಗೆ ಎಷ್ಟು ಕಷ್ಟ ಆಗಿರಬೇಕು, ಅಲ್ವಾ? ಆದರೂ ಮಾಡಿದರು. ಎರಡನೇ ವರ್ಷದಲ್ಲಿ ನಾನು ಯಾವಾಗಲೂ ಏನಾದರೂ ಗೆಲ್ತೀನಿ ಅಂತ 2024ರ ಸೆಪ್ಟೆಂಬರಿನಲ್ಲಿ ಅವರು ಹೇಳಿದಾಗ ಇಡೀ ಇಂಗ್ಲೆಂಡ್ ನಕ್ಕಿತ್ತು.

68ನೇ ನಿಮಿಷ. ಇದನ್ನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಯುನೈಟೆಡ್ ಫ್ರೀ ಕಿಕ್ಕು. ನಮ್ಮ ಗೋಲ್‌ಕೀಪರ್ ವಿಕಾರಿಯೊ ಮುಂದೆ ಬಂದ, ಚೆಂಡು ಕೈಗೆ ಸಿಗಲಿಲ್ಲ. ಯುನೈಟೆಡಿನ ಹೊಯ್ಲುಂಡ್ ತಲೆ ಕೊಟ್ಟ. ಗೋಲು ಪೂರ್ತಿ ಖಾಲಿ. ಚೆಂಡು ಕಮಾನಿನ ಹಾಗೆ ಏರಿ ಇಳಿಯುತ್ತಾ ಇದೆ. ನಾನು ಆಗಲೇ ಕಣ್ಣು ಮುಚ್ಚಬೇಕು, ಅಷ್ಟರಲ್ಲಿ ನಮ್ಮ ಡಿಫೆಂಡರ್ ಮಿಕಿ ವಾನ್ ಡ ವೆನ್ ಗೋಲಿನ ಕಡೆಗೆ ಹಿಂದಕ್ಕೆ ಓಡಿ, ನೆಗೆದು, ಗಾಳಿಯಲ್ಲೇ ಕಾಲು ಮೇಲಕ್ಕೆತ್ತಿ ಗೆರೆಯ ಹತ್ತಿರದಿಂದ ಚೆಂಡನ್ನು ಹೊರಗೆ ಒದ್ದ. ನನ್ನ ಕೈ ತಾಗಿ ಚೊಂಬು ಉರುಳಿತು. ಕಟ್ಟೆ ತುಂಬಾ ನೀರು.

ಆ ಸದ್ದಿಗೆ ಅಪ್ಪ ಎದ್ದು ಬಂದರು. ಊರಿನಿಂದ ಬಂದು ವಾರ ಆಗಿತ್ತು. ಅವರು ಪಿ.ಟಿ. ಮೇಷ್ಟ್ರಾಗಿ ರಿಟೈರ್ ಆದವರು, ಮೂವತ್ತು ವರ್ಷ ಹುಡುಗರಿಗೆ ಕಬಡ್ಡಿ ಹೇಳಿಕೊಟ್ಟವರು. ಫುಟ್‌ಬಾಲ್ ಅಷ್ಟಾಗಿ ನೋಡಲ್ಲ. ಬಟ್ಟೆ ತಗೊಂಡು ನೀರು ಒರೆಸುತ್ತಾ ಕೇಳಿದರು, "ನಿಮ್ಮೋರು ಯಾರೋ?"

"ಬಿಳಿ ಅಂಗಿಯವರು."

"ಎಷ್ಟು?"

"ಒಂದು ಸೊನ್ನೆ. ಮುಂದಿದ್ದೀವಿ. ಆದ್ರೆ ಆಡ್ತಾನೇ ಇಲ್ಲ ಅಪ್ಪ, ಬರೀ ತಡೀತಾ ಇದ್ದಾರೆ."

ಅಪ್ಪ ಫೋನಿಗೆ ಹತ್ತಿರ ಬಗ್ಗಿ ಐದು ನಿಮಿಷ ಮಾತಾಡದೆ ನೋಡಿದರು. ಆಮೇಲೆ ಹೇಳಿದರು, "ಮುಂದಿದ್ದಾಗ ಖಾಲಿ ರೈಡ್ ಮಾಡಿ ಬರೋದೂ ಆಟನೇ ಕಣೋ. ಅದು ನಿಂಗೆ ಸುಲಭ ಅಂತ ಕಾಣುತ್ತೆ. ಆ ಮೂವತ್ತು ಸೆಕೆಂಡ್ ಏಳು ಜನರ ಮಧ್ಯೆ ನಿಂತು ನೋಡು, ಗೊತ್ತಾಗುತ್ತೆ."

ಆಮೇಲೆ ನಾನು ಪಂದ್ಯವನ್ನು ಬೇರೆ ಥರ ನೋಡಿದೆ. ನಮ್ಮ ಡಿಫೆಂಡರ್ ರೊಮೆರೊ ಎಲ್ಲಿ ನಿಲ್ತಾನೆ, ಯಾವಾಗ ಮುಂದೆ ಬರ್ತಾನೆ, ಯಾವಾಗ ಬರಲ್ಲ ಅಂತ ನೋಡಿದೆ. ಜೀವಮಾನವಿಡೀ ಗೋಲು ಹೊಡೆದುಕೊಂಡು ಬಂದ ಸನ್, ಬದಲಿ ಆಟಗಾರನಾಗಿ ಇಳಿದು, ಎಡಗಡೆ ಡಿಫೆಂಡರಿನ ಹಾಗೆ ಹಿಂದೆ ಹಿಂದೆ ಓಡುತ್ತಿದ್ದ. ಕ್ಯಾಪ್ಟನ್ ಅವನು. ಫೈನಲಿನಲ್ಲಿ ಬೆಂಚಿನ ಮೇಲೆ ಕೂರಿಸಿದರು ಅಂತ ಮುಖ ಸಪ್ಪಗೆ ಮಾಡಿಕೊಳ್ಳಲಿಲ್ಲ. ಕೊನೆಯ ಗಳಿಗೆಯಲ್ಲಿ ಲ್ಯೂಕ್ ಶಾ ಹೆಡರನ್ನು ವಿಕಾರಿಯೊ ಹಾರಿ ತಡೆದ. ಮೊದಲು ತಪ್ಪು ಮಾಡಿದವನೂ ಅವನೇ, ಕೊನೆಗೆ ಕಾಪಾಡಿದವನೂ ಅವನೇ. ಇವೆಲ್ಲ ಹದಿನೈದು ವರ್ಷದಲ್ಲಿ ನಾನು ನೋಡದೇ ಇದ್ದವು. ನಮ್ಮ ತಂಡಕ್ಕೆ ಗೋಲು ಹೊಡೆಯೋದು ಗೊತ್ತಿತ್ತು. ಹೆದರಿಕೆಯಾದಾಗ ನಿಂತುಕೊಳ್ಳೋದು ಗೊತ್ತಿರಲಿಲ್ಲ. ಅದೊಂದು ಗೊತ್ತಿದ್ದರೆ ಮಿಲಾನಿನಲ್ಲಿ ನಾಲ್ಕು ಗೋಲು ಬೀಳುತ್ತಿರಲಿಲ್ಲ, ಮೊನ್ನೆ ಉದಿನೆಯಲ್ಲೂ ಕೊನೆಯ ಹತ್ತು ನಿಮಿಷದಲ್ಲಿ ಎರಡು ಬೀಳುತ್ತಿರಲಿಲ್ಲ.

ಹಾಗಂತ ಎಲ್ಲ ಸರಿಯಾಯಿತು ಅಂತ ನಾನು ಹೇಳ್ತಾ ಇಲ್ಲ. 22 ಸೋಲು 22 ಸೋಲೇ. ಚಳಿಗಾಲದಲ್ಲಿ ರೊಮೆರೊ, ವಾನ್ ಡ ವೆನ್, ವಿಕಾರಿಯೊ ಮೂವರೂ ಗಾಯಗೊಂಡು ತಿಂಗಳುಗಟ್ಟಲೆ ಹೊರಗಿದ್ದರು. ಹದಿನೆಂಟು ವರ್ಷದ ಆರ್ಚಿ ಗ್ರೇ ಅನ್ನೋ ಹುಡುಗನನ್ನು ಅವನದಲ್ಲದ ಜಾಗದಲ್ಲಿ, ಡಿಫೆನ್ಸಿನ ನಡುವೆ ಆಡಿಸಬೇಕಾಯಿತು. ಗಾಯ ಒಂದು ಕಾರಣ. ಅದೊಂದೇ ಅಲ್ಲ. ಫೈನಲ್ ಮುಗಿದ ನಾಲ್ಕನೇ ದಿನ ನಮ್ಮದೇ ಮೈದಾನದಲ್ಲಿ ಬ್ರೈಟನ್ ಎದುರು 4-1 ಸೋತರು. ಮುಂದೆ ಮತ್ತೆ ಅದೇ ಥರ ತಡೆದುಕೊಂಡು ಕೂತು ಗೆಲ್ತೀವಿ ಅಂದುಕೊಂಡರೆ ನಡೆಯಲ್ಲ. ನನಗೂ ಅದು ಪ್ರತಿ ವಾರ ಬೇಡ.

ಫೈನಲ್ ಆಗಿ 16ನೇ ದಿನಕ್ಕೆ ಆಂಜ್ ಅವರನ್ನು ತೆಗೆದರು. ಲೀಗಿನ ಲೆಕ್ಕ ನೋಡಿದರೆ ಕ್ಲಬ್ಬಿನದು ತಪ್ಪು ಅಂತ ವಾದ ಮಾಡೋದು ಕಷ್ಟ, ಗೊತ್ತು. ಆದರೂ ನನ್ನ ಮನಸ್ಸು ಒಪ್ಪಲ್ಲ. ತಾನು ನಂಬಿದ್ದನ್ನು ಬಿಟ್ಟು ನಮಗೆ ಕಪ್ ತಂದುಕೊಟ್ಟವರಿಗೆ ಹೊಸದಾಗಿ ಕಲಿತದ್ದನ್ನು ಲೀಗಿನಲ್ಲಿ ಮಾಡಿ ತೋರಿಸಲು ಒಂದು ಅವಕಾಶ ಕೊಡಬೇಕಿತ್ತು. ಡಿಸೆಂಬರ್ ತನಕ ಆದರೂ.

ಇನ್ನೊಂದು ವಿಷಯ. ಫೈನಲ್ ಆಗಿ ಎರಡೇ ವಾರಕ್ಕೆ ನಮ್ಮ ಆರ್‌ಸಿಬಿ 18ನೇ ವರ್ಷದಲ್ಲಿ ಕಪ್ ಗೆದ್ದಿತು. ಎರಡೂ ತಂಡ ಹಚ್ಚಿಕೊಂಡ ನನ್ನಂಥವರಿಗೆ ಅದು ಎಂಥ ತಿಂಗಳಾಗಬೇಕಿತ್ತು! ಆದರೆ ಮರುದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ನಮ್ಮ ಹಾಗೆ ಕಪ್ಪಿಗೆ ಕಾದವರು ಅವರು. ಆ ಗೆಲುವಿನ ಬಗ್ಗೆ ಬರೆಯಲು ನನಗೆ ಇನ್ನೂ ಕೈ ಬಂದಿಲ್ಲ.

ಗೆಳೆಯನ ಪ್ರಶ್ನೆಗೆ ಉತ್ತರ ಕೊಡ್ತೀನಿ. ಉದಿನೆಯ ಆಟ ಚೆನ್ನಾಗಿತ್ತು. ಬಿಲ್ಬಾವೊ ಆಟ ಚೆನ್ನಾಗಿರಲಿಲ್ಲ. ಎರಡರಲ್ಲಿ ಒಂದು ಆರಿಸು ಅಂದರೆ ಕಣ್ಣು ಮುಚ್ಚಿಕೊಂಡು ಬಿಲ್ಬಾವೊ ಅಂತೀನಿ. ಮುಂಚೆ ಹೀಗೆ ಹೇಳುತ್ತಿರಲಿಲ್ಲ. ಚೆಂದವಾಗಿ ಸೋತಾಗಲೆಲ್ಲ ಸಮಾಧಾನ ಹೇಳಿಕೊಂಡು ಎದ್ದು ಹೋಗಬಹುದಿತ್ತು ನಾವು. ಸನ್‌ಗೆ, ಕೇನ್‌ಗೆ ಹಾಗೆ ಎದ್ದು ಹೋಗಲು ಆಗುತ್ತಿರಲಿಲ್ಲ. ಅವರು ಆ ಮೈದಾನದಲ್ಲೇ ನಿಂತು ಎದುರಾಳಿ ಕಪ್ ಎತ್ತೋದನ್ನು ನೋಡಬೇಕಿತ್ತು. ಅದು ನನಗೆ ಅರ್ಥವಾದದ್ದು ಬಿಲ್ಬಾವೊದಲ್ಲಿ ಸನ್ ಕೊರಿಯಾದ ಬಾವುಟ ಸೊಂಟಕ್ಕೆ ಕಟ್ಟಿಕೊಂಡು ಅಳುತ್ತಾ ನಗುತ್ತಾ ಓಡಾಡಿದಾಗ. ಇವತ್ತೊಂದು ದಿನ ನನ್ನನ್ನು ಲೆಜೆಂಡ್ ಅಂತ ಅಂದುಬಿಡಿ ಅಂದ. ಹತ್ತು ವರ್ಷ ಆಡಿದ ಮೇಲೆ, ಇಷ್ಟೇ ಕೇಳಿದ್ದು.

ಆಗಸ್ಟ್ 3ರ ಭಾನುವಾರ ಊರಿಗೆ ಹೋಗಿದ್ದೆ. ಸಂಜೆ ಸಿಯೋಲ್‌ನಲ್ಲಿ ನ್ಯೂಕ್ಯಾಸಲ್ ಜೊತೆ ಸ್ನೇಹಪಂದ್ಯ, ಟೋಟನ್‌ಹ್ಯಾಮ್ ಅಂಗಿಯಲ್ಲಿ ಸನ್‌ನ ಕೊನೆಯ ಆಟ. ಜಗಲಿ ಮೇಲೆ ಕೂತು ಫೋನಿನಲ್ಲಿ ನೋಡುತ್ತಿದ್ದೆ. ದ್ವಿತೀಯಾರ್ಧದಲ್ಲಿ ಅವನನ್ನು ಹೊರಗೆ ಕರೆದಾಗ ಎರಡೂ ತಂಡದವರು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಅವನು ಒಬ್ಬೊಬ್ಬರನ್ನೂ ತಬ್ಬಿಕೊಳ್ಳುತ್ತಾ ನಡೆದ. ಬೆಂಚಿನಲ್ಲಿ ಕೂತು ಅತ್ತ. ಅಪ್ಪ ಕಾಫಿ ಲೋಟ ಹಿಡಿದುಕೊಂಡು ಬಂದು ಪಕ್ಕ ಕೂತರು. ಕನ್ನಡಕ ಸರಿ ಮಾಡಿಕೊಂಡು ಫೋನನ್ನು ಇಸ್ಕೊಂಡರು.

"ಅವತ್ತು ಸೊಂಟಕ್ಕೆ ಬಾವುಟ ಕಟ್ಕೊಂಡಿದ್ನಲ್ಲ, ಇವನೇ ಅಲ್ವೇನೋ?"

"ಹೂಂ ಅಪ್ಪ."

ಅವನು ಮೈದಾನ ಸುತ್ತಿ ಬರುವವರೆಗೂ ಅಪ್ಪ ಫೋನ್ ವಾಪಸ್ ಕೊಡಲಿಲ್ಲ.